ಬುಜ್ಜಿಯ ಹುಳದ ಮನೆ

ಮೊನ್ನೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನೆಂಟರ ಮನೆಯ ಮದುವೆ ಊಟ ಮುಗಿಸಿ ಹೊರಟವಳು, ಬಾಯಲ್ಲಿ ಎಲೆಯಡಿಕೆ ಇತ್ತು. ದಾರಿಯಲ್ಲಿ ಒಬ್ಬ ಹೆಂಗಸು ಒದ್ದೆ ಗೋಣಿಯಲ್ಲಿ ಕಟ್ಟಿದ ದೊಡ್ಡ ಗಂಟೊಂದನ್ನು ಹೊತ್ತುಕೊಂಡು ಹತ್ತಿದಳು. ಲಗೇಜಿಗೆ ಬೇರೆ ಟಿಕೆಟ್ ಆಗುತ್ತದೆ ಎಂದು ಕಂಡಕ್ಟರು ರಾಗ ತೆಗೆದ.

"ಸೊಪ್ಪು ಕಣಣ್ಣಾ. ತೋಟದಲ್ಲಿ ಮುಗ್ದೋಯ್ತು. ಅಲ್ಲಿ ಹುಳ ಹಸ್ಕೊಂಡು ಕೂತವೆ, ನೀನಿಲ್ಲಿ ಟಿಕೆಟ್ಟು ಗಿಕೆಟ್ಟು ಅಂತೀಯ," ಎಂದು ಅವನನ್ನೇ ಗದರಿಸಿ ನನ್ನ ಪಕ್ಕ ಬಂದು ಕೂತಳು. ಬಾಟಲಿಯಿಂದ ಗೋಣಿಯ ಮೇಲೆ ನೀರು ಚಿಮುಕಿಸಿದಳು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಎದ್ದು ಮೂಗಿಗೆ ಬಡಿಯಿತು. ಸ್ವಲ್ಪ ದೂರ ಹೋದಮೇಲೆ ಅವಳು ನನ್ನ ಬಾಯನ್ನೇ ನೋಡತೊಡಗಿದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಹೊಗೆಸೊಪ್ಪು ಹಾಕ್ತೀರಾ?"

"ಇಲ್ಲಮ್ಮ. ಬರೀ ಎಲೆ ಅಡಿಕೆ."

"ಹಾಕಿದ್ರೆ ಆ ಕಡೆ ಸೀಟಿಗೆ ಹೋಗಿ ಅಂತಿದ್ದೆ. ಹುಳಕ್ಕೆ ಆಗಲ್ಲ."

ಬೇರೆ ಯಾರಾದರೂ ನನ್ನನ್ನು ಸೀಟು ಬಿಟ್ಟೇಳು ಅಂದಿದ್ದರೆ ಸುಮ್ಮನೆ ಬಿಡುವ ಹೆಂಗಸಲ್ಲ ನಾನು. ಆದರೆ ಅದೇ ಮಾತನ್ನು ಅದೇ ಗತ್ತಿನಲ್ಲಿ ಹೇಳುವವಳೊಬ್ಬಳು ನಮ್ಮ ಮನೆಯಲ್ಲಿದ್ದಳು. ನನ್ನ ನಾದಿನಿ, ಬುಜ್ಜಿ. ಅವಳು ಹೋಗಿ ಎಷ್ಟೋ ವರ್ಷಗಳಾದವು. ಉಳಿದ ದಾರಿಯನ್ನೆಲ್ಲ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕಳೆದೆ.

ನಾನು ಕೋಲಾರ ಪೇಟೆಯ ಹುಡುಗಿ. ಅಪ್ಪನಿಗೆ ಒಂದು ಟೈಲರ್ ಅಂಗಡಿ ಇತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ದಾರಿಯಲ್ಲಿರುವ ಒಂದು ಸಣ್ಣ ಊರಿಗೆ ನನ್ನನ್ನು ಕೊಟ್ಟರು. ಮನೆಯಲ್ಲಿ ಅತ್ತೆ, ಮಾವ, ನಮ್ಮ ಯಜಮಾನರು, ಅವರ ತಂಗಿ ಬುಜ್ಜಿ, ಇಷ್ಟೇ ಜನ. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ತೆಲುಗಿನಲ್ಲಿ ನಡೆಯುತ್ತಿತ್ತು, ಆದ್ದರಿಂದ ಮೊದಲ ಕೆಲವು ತಿಂಗಳು ಯಾರು ಯಾರನ್ನು ಬೈಯುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು.

ಬುಜ್ಜಿಯ ಹೆಸರು ವರಲಕ್ಷ್ಮಿ. ಆ ಹೆಸರು ಸ್ಕೂಲಿನಲ್ಲಿ ಬರೆಸಿದ್ದಷ್ಟೇ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಮೇಲೆ ಹಾಗೆ ಯಾರೂ ಕರೆದವರಿಲ್ಲ. ಅತ್ತೆಗೆ ಇನ್ನು ಮಕ್ಕಳಾಗುವುದಿಲ್ಲ ಎಂದುಕೊಂಡ ವಯಸ್ಸಿನಲ್ಲಿ ಹುಟ್ಟಿದ ಮಗು. ನಾನು ಹೋದಾಗ ಅವಳಿಗೆ ಹದಿನೇಳು, ನನಗೆ ಹತ್ತೊಂಬತ್ತು. ನನ್ನನ್ನು ವದಿನಾ ಎಂದು ಕರೆಯುತ್ತಿದ್ದಳು. ತೆಲುಗಿನಲ್ಲಿ ಅತ್ತಿಗೆಗೆ ಹಾಗೆನ್ನುತ್ತಾರೆ. ಮೈಯಲ್ಲಿ ಮಾಂಸವಿಲ್ಲದ, ಕಾಲು ನೆಲಕ್ಕೆ ತಾಗಿಸದೆ ಓಡಾಡುವ, ಒಂದು ಮಾತಿಗೆ ನಾಲ್ಕು ಮಾತು ಜೋಡಿಸುವ ಹುಡುಗಿ. ನನಗೂ ಬಾಯಿ ಕಡಿಮೆ ಇಲ್ಲ. ನಾವಿಬ್ಬರೂ ಮೊದಲ ವಾರದಲ್ಲೇ ಒಂದಾಗಿಬಿಟ್ಟೆವು.

ರೇಷ್ಮೆ ಹುಳವನ್ನು ನಾನು ಮೊದಲು ನೋಡಿದ್ದು ಅವಳ ಕೈಯಲ್ಲಿ. ಮದುವೆಯ ರೇಷ್ಮೆ ಸೀರೆ ಉಟ್ಟು ಜಗುಲಿಯ ಮೇಲೆ ಗೊಂಬೆಯಂತೆ ಕೂತಿದ್ದೆ. ಬಂದವಳೇ ನನ್ನ ಮುಂಗೈ ಮೇಲೆ ಒಂದು ಹುಳ ಬಿಟ್ಟಳು. ನಾನು ಕಿರುಚಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತಂತೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಪ್ಯಾಟೆ ವದಿನಾ, ಇದೇ ಕಣೇ ನೀನು ಉಟ್ಟಿರೋ ಸೀರೆ. ಸೀರೆ ನೋಡಿ ಯಾರಾದ್ರೂ ಕಿರುಚ್ತಾರಾ?"

ದನದ ಕೊಟ್ಟಿಗೆಯ ಪಕ್ಕದಲ್ಲಿ ಮಣ್ಣಿನ ಗೋಡೆಯ ಒಂದು ಉದ್ದನೆಯ ಕೋಣೆ. ಅದೇ ಹುಳದ ಮನೆ. ಒಳಗೆ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಇರುವೆ ಹತ್ತದಂತೆ ತಟ್ಟೆ ಇಟ್ಟ ಅಟ್ಟಣೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು. ಆ ಕೋಣೆಗೆ ಬುಜ್ಜಿಯೇ ಯಜಮಾನಿ. ಮಾವನೂ ಅವಳನ್ನು ಕೇಳಿಯೇ ಒಳಗೆ ಕಾಲಿಡಬೇಕು. ಹುಳ ಇದ್ದಷ್ಟು ದಿನ ಮನೆಯಲ್ಲಿ ಇಂಗಿನ ಒಗ್ಗರಣೆ ಇಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಮುಟ್ಟಾದವರು, ಸಾವಿನ ಮನೆಗೆ ಹೋಗಿ ಬಂದವರು ಆ ಕಡೆ ತಲೆ ಹಾಕುವಂತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹೊಗೆಸೊಪ್ಪು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಮೇವು ಹಾಕಿದರೆ ಹುಳ ಹಸಿರು ಕಕ್ಕಿಕೊಂಡು ಸಾಯುತ್ತದೆ.

ನಮ್ಮತ್ತೆ ಚಿಕ್ಕಂದಿನಿಂದ ಹೊಗೆಸೊಪ್ಪು ಹಾಕಿದವರು. ಸೊಂಟದಲ್ಲಿ ಸಂಚಿ, ದವಡೆಯಲ್ಲಿ ಒಂದು ಉಂಡೆ, ಇವೆರಡೂ ಇಲ್ಲದ ಅತ್ತೆಯನ್ನು ಊರಿನವರು ಯಾರೂ ನೋಡಿರಲಿಲ್ಲ. ಹೀಗಾಗಿ ತಮ್ಮ ಮನೆಯ ಒಂದು ಕೋಣೆಗೆ ಅವರಿಗೇ ಪ್ರವೇಶವಿರಲಿಲ್ಲ. ದಿನಕ್ಕೊಮ್ಮೆಯಾದರೂ ಕೈ ತೊಳೆದುಕೊಂಡು ಹೊಸಿಲಿನ ಹತ್ತಿರ ಬಂದು ನಿಲ್ಲುತ್ತಿದ್ದರು.

"ಕೈ ತೋರ್ಸು," ಎನ್ನುತ್ತಿದ್ದಳು ಬುಜ್ಜಿ ಒಳಗಿನಿಂದ.

ಅತ್ತೆ ಎರಡೂ ಕೈ ಚಾಚುತ್ತಿದ್ದರು. ಅವಳು ಬಗ್ಗಿ ಮೂಸಿ ಮುಖ ಸಿಂಡರಿಸುತ್ತಿದ್ದಳು. "ಊಹೂಂ. ಆಚೆ ನಿಂತ್ಕೊ."

"ನಿನ್ನ ಎತ್ತಿ ಆಡಿಸಿದ ಕೈ ಕಣೇ ಇದು!"

"ಆಡಿಸಿದ ಕೈಯೇ ಇರ್ಬೋದು, ಈಗ ಹೊಗೆಸೊಪ್ಪಿನ ಕೈ. ಅದನ್ನ ಬಿಡು, ಒಳಕ್ಕೆ ಬಾ. ಬಾಗಿಲು ತೆಗೆದೇ ಐತೆ."

"ನಾನು ಸತ್ತಾಗ ಬಿಡ್ತೀನಿ ಹೋಗೇ," ಎಂದು ಬೈದುಕೊಂಡು ಅತ್ತೆ ಹೊರಟುಹೋಗುತ್ತಿದ್ದರು. ನಾನು ನಗುತ್ತಿದ್ದೆ. ನಗುವಂಥ ಮಾತೇ ಆಗಿತ್ತು ಅದು ಆಗ.

ಹುಳ ಸಾಕುವ ದಿನಗಳಲ್ಲಿ ಬುಜ್ಜಿ ಅಲ್ಲೇ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು, ಊಟದ ತಟ್ಟೆಯೂ ಅಲ್ಲಿಗೇ. ಅಷ್ಟೂ ದಿನ ತಾಯಿ ಅವಳ ಮೈ ಮುಟ್ಟುವಂತಿಲ್ಲ, ತಲೆ ಬಾಚುವಂತಿಲ್ಲ. ಸೀರೆಗೆ ಅಂಟಿದ ವಾಸನೆಯೂ ಹುಳಕ್ಕೆ ಆಗದು ಎನ್ನುತ್ತಿದ್ದಳು. ಗೂಡು ಬಿಡಿಸಿದ ದಿನ ಇದಕ್ಕೆಲ್ಲ ಬಡ್ಡಿ ಸಮೇತ ವಸೂಲಿ. ಅತ್ತೆ ಹರಳೆಣ್ಣೆ ಕಾಯಿಸಿ, ಬಟ್ಟಲು ಹಿಡಿದು ಜಗುಲಿಯಲ್ಲಿ ಕೂತು, ಮಗಳನ್ನು ಎರಡು ಮೊಣಕಾಲಿನ ನಡುವೆ ಅದುಮಿ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುತ್ತಿದ್ದರು. ಬುಜ್ಜಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕೂರುತ್ತಿದ್ದುದೂ ಅಂದೊಂದೇ ದಿನ.

ನಾನು ಹೇಳಬೇಕೆಂದಿರುವುದು ಆ ವರ್ಷದ ದೀಪಾವಳಿಯ ಹುಳದ ಬೆಳೆಯ ವಿಷಯ. ಮಳೆ ಚೆನ್ನಾಗಿ ಆಗಿತ್ತು. ರಾಗಿ ತೆನೆ ತೂಗುತ್ತಿತ್ತು, ಸೊಪ್ಪಿನ ತೋಟ ಎದೆಮಟ್ಟ ಬೆಳೆದಿತ್ತು, ಬೆಳಗಿನ ಹೊತ್ತು ಸಣ್ಣಗೆ ಚಳಿ. ಹುಳಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬುಜ್ಜಿ ಹೊಸ ಮರಿಹುಳಗಳನ್ನು ತಟ್ಟೆಗೆ ಇಳಿಸಿಕೊಂಡಿದ್ದಳು. ಬೀದಿಯ ಮಕ್ಕಳನ್ನೆಲ್ಲ ಕರೆದು, ನಮ್ಮ ಮನೆ ಮುಂದೆ ಪಟಾಕಿ ಹೊಡೆದರೆ ಕಿವಿ ಕಿತ್ತುಬಿಡುತ್ತೇನೆಂದು ಮೊದಲೇ ಹೆದರಿಸಿಟ್ಟಿದ್ದಳು. ನಮಗೆ ಮೊದಲ ದೀಪಾವಳಿ, ಅಳಿಯನನ್ನು ಕರೆದು ಹಬ್ಬ ಮಾಡಬೇಕು. ಅಪ್ಪ ಬಂದು ನಮ್ಮಿಬ್ಬರನ್ನೂ ಕೋಲಾರಕ್ಕೆ ಕರೆದುಕೊಂಡು ಹೋದರು.

"ವದಿನಾ, ಬರೋವಾಗ ಬಳೆ ತಗೊಂಬಾ. ಹಸಿರು ಬೇಡ, ಎಲ್ಲರ ಕೈಲೂ ಅದೇ. ಜೇನು ಬಣ್ಣದ್ದು," ಎಂದು ಹುಳದ ಮನೆಯ ಬಾಗಿಲಿನಿಂದಲೇ ಕೂಗಿದ್ದಳು.

ಹಬ್ಬ ಮುಗಿದರೂ ಅಮ್ಮ ಬಿಡಲಿಲ್ಲ. ಇವತ್ತು ಬೇಡ, ನಾಳೆ ಬೇಡ ಎಂದು ದಿನ ಮುಂದೆ ಹೋಯಿತು. ನಾವು ಊರಿಗೆ ವಾಪಸು ಬಂದಾಗ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮೊದಲು ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಈ ನಾಲ್ಕನೆಯದರಿಂದ ಎದ್ದಮೇಲೆ ಒಂದು ವಾರ ರಾಕ್ಷಸರಂತೆ ತಿಂದು ಗೂಡು ಕಟ್ಟುತ್ತವೆ. ನಾನು ಚೀಲ ಕೂಡ ಇಳಿಸದೆ ಬಳೆ ಹಿಡಿದುಕೊಂಡು ಹುಳದ ಮನೆಗೆ ಓಡಿದೆ. ಬುಜ್ಜಿ ತಟ್ಟೆಗಳ ನಡುವೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಹೊಳೆಯುತ್ತಿತ್ತು. ಬಳೆ ತೊಡಿಸಲು ಕೈ ಹಿಡಿದೆ.

"ಲೇ ಬುಜ್ಜಿ, ಏನೇ ಇದು! ಕೈ ಸುಡ್ತಾ ಇದ್ಯಲ್ಲೇ!"

"ಶ್, ಮೆತ್ತಗೆ. ಅಮ್ಮಂಗೆ ಕೇಳುಸ್ತದೆ. ಹಬ್ಬದಿಂದ ಹಿಂಗೇ ಬಂದು ಬಂದು ಹೋಗ್ತಾ ಐತೆ. ಆಸ್ಪತ್ರೆ ಅಂತಾರೆ, ಆಮೇಲೆ ಆ ಔಷಧಿ ವಾಸನೆ ಮೈಗೆ ಹತ್ತಿ ನಾನು ಒಳಕ್ಕೆ ಬರಂಗಿಲ್ಲ. ಹುಳ ಎದ್ದುಬಿಡ್ಲಿ ವದಿನಾ, ನಾನೇ ಹೇಳ್ತೀನಿ."

"ಹುಳ ಹಾಳಾಗಿ ಹೋಗ್ಲಿ!" ಎಂದು ನಾನು ಅಲ್ಲಿಂದಲೇ ಕೂಗಿದೆ. "ಅತ್ತೇ! ಬೇಗ ಬನ್ನಿ!"

ಅತ್ತೆ ಹಿತ್ತಿಲಿನಿಂದ ಓಡಿಬಂದರು. ಬಾಯಲ್ಲಿದ್ದುದನ್ನು ಉಗಿದು ಓಡಿ ಬಂದವರು ಹೊಸಿಲಿನ ಹತ್ತಿರ ಬಂದು ಗಕ್ಕನೆ ನಿಂತುಬಿಟ್ಟರು. ಅಭ್ಯಾಸ. ಅಷ್ಟು ಗಾಬರಿಯಲ್ಲೂ ಕಾಲು ಒಳಗೆ ಬರಲಿಲ್ಲ. "ಆಚೆ ಬಾರೇ ಬುಜ್ಜಿ," ಎಂದರು. ಬುಜ್ಜಿ ಗೋಡೆ ಹಿಡಿದು ಎದ್ದು ಹೋದಳು. ಅತ್ತೆ ಅವಳ ಹಣೆಯ ಮೇಲೆ ಅಂಗೈ ಇಟ್ಟರು, ಆಮೇಲೆ ಗಂಟಲ ಕೆಳಗೆ. ಹುಳ ಬಂದಮೇಲೆ ಆ ಕೈ ಮಗಳನ್ನು ಮುಟ್ಟಿದ್ದು ಅದೇ ಮೊದಲು. ಅವರಿಗೆ ಕೈ ತೆಗೆಯಬೇಕೆಂದೇ ತೋಚಲಿಲ್ಲ.

ಮಾವ ಗಾಡಿ ಕಟ್ಟಿದರು. ಶ್ರೀನಿವಾಸಪುರದಲ್ಲಿ ಡಾಕ್ಟರಿಗೆ ತೋರಿಸಿ, ಅಲ್ಲಿಂದ ಕೋಲಾರಕ್ಕೆ ಹೋಗಬೇಕಾದರೆ ಹೋಗುವುದು ಎಂದು ಮಾತಾಯಿತು. ಬುಜ್ಜಿಯನ್ನು ಹುಲ್ಲಿನ ಮೇಲೆ ಮಲಗಿಸಿ ಕಂಬಳಿ ಹೊದಿಸಿದೆವು, ಅತ್ತೆ ಪಕ್ಕದಲ್ಲಿ ಹತ್ತಿ ಕೂತರು. ಜೇನು ಬಣ್ಣದ ಬಳೆ ನೋಡಿ, ಚೆನ್ನಾಗಿವೆ, ಗೂಡು ಬಿಡಿಸಿದ ದಿನ ಹಾಕಿಕೊಳ್ಳುತ್ತೇನೆ, ಮೊಳೆಗೆ ನೇತುಹಾಕು ಎಂದಳು. ಗಾಡಿ ಹೊರಟಮೇಲೂ ತಲೆ ಎತ್ತಿ ನನಗೆ ಹೇಳುತ್ತಲೇ ಇದ್ದಳು.

"ಒದ್ದೆ ಸೊಪ್ಪು ಹಾಕ್ಬೇಡ ವದಿನಾ. ಬಿಸಿಲು ಏರಿದ್ಮೇಲೆ ಕೊಯ್ಬೇಡ. ಯಾರೇ ಬರ್ಲಿ, ಕೈ ಮೂಸಿ ಒಳಕ್ಕೆ ಬಿಡು. ಯಾರೇ ಬರ್ಲಿ!"

ಒಂದು ಹುಳಕ್ಕೆ ಕಿರುಚಿ ಬೀದಿ ಒಂದು ಮಾಡಿದ್ದ ನನ್ನ ಕೈಗೆ ಹುಳದ ಮನೆ ಬಂತು. ಹುಳ ಎದ್ದವು. ತಿನ್ನುತ್ತವೆ ಅಂದರೆ ಎಂಥ ತಿನ್ನುವುದು! ಯಜಮಾನರು ಕತ್ತಲು ಹರಿಯುವ ಮುಂಚೆ ತೋಟಕ್ಕೆ ಇಳಿದು ಸೊಪ್ಪು ತರುತ್ತಿದ್ದರು, ನಾನು ಹರಡುತ್ತಿದ್ದೆ. ಹರಡಿ ಮುಗಿಸುವಷ್ಟರಲ್ಲಿ ಮೊದಲ ತಟ್ಟೆಯಲ್ಲಿ ಬರೀ ಕಡ್ಡಿ. ಕೋಣೆಯ ತುಂಬ ಸಣ್ಣ ಮಳೆ ಬಿದ್ದಂಥ ಸದ್ದು. ಮೊದಲು ಹೆದರಿಕೆಯಾಗುತ್ತಿತ್ತು. ಎರಡನೇ ದಿನದಿಂದ ನಾನೇ ಅವುಗಳ ಜೊತೆ ಮಾತಾಡತೊಡಗಿದೆ. ತಿನ್ನಿ, ನಿಮ್ಮಮ್ಮ ಬರೋಷ್ಟರಲ್ಲಿ ದಪ್ಪ ಆಗಿ, ಇಲ್ಲದಿದ್ದರೆ ನನಗೆ ಬೈಗುಳ ಎನ್ನುತ್ತಿದ್ದೆ.

ಕೋಲಾರದ ಸುದ್ದಿ ಬರುತ್ತಿದ್ದುದು ರಾಯಲ್ಪಾಡಿನ ಬಸ್ಸಿನ ಕಂಡಕ್ಟರಿಂದ. ಮಾವ ಕೋಲಾರದ ಬಸ್ ಸ್ಟ್ಯಾಂಡಿಗೆ ಬಂದು ಅವನಿಗೆ ಹೇಳುವುದು, ಅವನು ನಮ್ಮೂರ ಸ್ಟಾಪಿನಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತೇ ನನಗೆ ಕೂಗುವುದು. "ದೊಡ್ಡಾಸ್ಪತ್ರೆಗೆ ಸೇರ್ಸವ್ರೆ ಕಣಮ್ಮ. ಮಾತಾಡ್ತಾವ್ಳೆ. ತಟ್ಟೆ ಬದ್ಲಾಯ್ಸಿದ್ಯಾ ಅಂತ ಕೇಳವ್ಳೆ ನಿನ್ನ!" ಮಾರನೇ ದಿನ, "ಗಂಜಿ ಕುಡುದ್ಲಂತೆ. ಹುಳ ಹಣ್ಣಾಗೋ ಟೈಮಿಗೆ ಬಂದ್ಬಿಡ್ತೀನಿ ಅಂದ್ಲಂತೆ." ನಾನು ಬಸ್ಸಿಗೆ ಕೈ ಬೀಸಿ ನಗುತ್ತಾ ಮನೆಗೆ ಓಡುತ್ತಿದ್ದೆ. ಆಮೇಲೊಂದು ದಿನ ಬಸ್ಸು ನಿಂತಿತು. ಯಾವತ್ತೂ ಇಳಿಯದ ಕಂಡಕ್ಟರು ಇಳಿದು ನನ್ನ ಹತ್ತಿರ ನಡೆದುಕೊಂಡು ಬಂದ. ಬಸ್ಸಿನೊಳಗಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವನು ಬಾಯಿ ತೆರೆಯುವ ಮುಂಚೆಯೇ ನಾನು ರಸ್ತೆಯಲ್ಲಿ ಕೂತುಬಿಟ್ಟೆ.

ಕರುಳಿನ ಜ್ವರವಂತೆ. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಜ್ವರ ಒಳಗೊಳಗೇ ತುಂಬ ದಿನ ಕೆಲಸ ಮಾಡಿತ್ತು, ಕರುಳು ತೂತಾಗಿಹೋಗಿತ್ತು. ಬಾಡಿಗೆ ಕಾರಿನಲ್ಲಿ ಅವಳನ್ನು ತಂದು ಅಂಗಳದಲ್ಲಿ ಮಲಗಿಸಿದರು. ಸೊಪ್ಪಿನ ತೋಟದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ಮೊಳೆಯಲ್ಲಿದ್ದ ಬಳೆಗಳನ್ನು ತಂದು ನಾನೇ ತೊಡಿಸಿದೆ. ಕೈ ತಣ್ಣಗಿತ್ತು. ಜನರೆಲ್ಲ ಅತ್ತರು, ಮಾವ ಗೋಡೆಗೆ ತಲೆ ಚಚ್ಚಿಕೊಂಡರು. ಅತ್ತೆ ಮಾತ್ರ ಅಳಲಿಲ್ಲ. ನಡುಮನೆಯ ಮೂಲೆಯಲ್ಲಿ ಕೂತವರು ನೀರೂ ಕುಡಿಯಲಿಲ್ಲ. ಆಗಾಗ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಮಾರನೇ ದಿನ ಬೆಳಿಗ್ಗೆ ಮಾವನ ಅಣ್ಣ ಬಂದು ಅಂಗಳದಲ್ಲಿ ಕೂತರು. ಊರಿಗೆಲ್ಲ ಹಿರಿಯರು, ಕೆಟ್ಟ ಮನುಷ್ಯರಲ್ಲ.

"ಆಗಿದ್ದು ಆಗೋಯ್ತು. ಆ ಹುಳ ಎತ್ತಿ ತಿಪ್ಪೆಗೆ ಹಾಕ್ರಿ," ಎಂದರು. "ಸೂತಕದ ಮನೇಲಿ ಹುಳ ನಿಲ್ಲಲ್ಲ. ನಿಮ್ಮ ಕೈಲಿ ಮುಟ್ಟಂಗಿಲ್ಲ, ಬೇರೆಯೋರು ಯಾರೂ ಬರಂಗಿಲ್ಲ. ಅವೂ ನರಳಿ ಸಾಯೋದು ಯಾಕೆ?"

ಯಜಮಾನರು ಕುಕ್ಕೆ ತೆಗೆದುಕೊಂಡರು. ಹಿಂದಿನ ದಿನದಿಂದ ಮೇವಿಲ್ಲದೆ ಹುಳ ತಟ್ಟೆಯ ಅಂಚಿನವರೆಗೆ ಹರಿದು ತಲೆ ಆಡಿಸುತ್ತಿದ್ದವು. ನಾನು ಹುಳದ ಮನೆಯ ಬಾಗಿಲಲ್ಲಿ ಅಡ್ಡ ನಿಂತೆ. ಮದುವೆಯಾಗಿ ವರ್ಷ ತುಂಬದ ಸೊಸೆ, ಬಾಯಿ ಬಿಟ್ಟರೂ ಕೇಳುವವರು ಯಾರು? ಆಗ ನಡುಮನೆಯಿಂದ ಅತ್ತೆ ಎದ್ದು ಬಂದರು. ಭಾವನ ಎದುರು ಒಂದು ದಿನವೂ ನೇರ ನಿಂತು ಮಾತಾಡದ ಹೆಂಗಸು, ಅವರ ಮುಖವನ್ನೇ ನೋಡಿಕೊಂಡು ಕೇಳಿದರು.

"ಯಾರ ಸೂತಕ ಭಾವಾ ಇದು?"

ಉತ್ತರಕ್ಕೆ ಕಾಯದೆ ಅತ್ತೆಯೇ ಮುಂದುವರಿಸಿದರು.

"ನನ್ನ ಮಗಳ ಸೂತಕ. ಹುಳ ಯಾರದು? ನನ್ನ ಮಗಳದು. ಅವಳ ಸೂತಕ ಅವಳ ಹುಳಕ್ಕೆ ತಾಕ್ತದಾ? ಪ್ರಾಣ ಹೋಗೋವಾಗ್ಲೂ ಹುಳ ಏನ್ಮಾಡ್ತಾವೆ ಅಂದ್ಲು. ಯಾವನು ಹಾಕ್ತಾನೆ ತಿಪ್ಪೆಗೆ, ಹಾಕ್ಲಿ ನೋಡ್ತೀನಿ."

ಯಜಮಾನರು ಕುಕ್ಕೆ ಕೆಳಗಿಟ್ಟರು. ಅತ್ತೆ ಸೊಂಟದಿಂದ ಸಂಚಿ ಬಿಚ್ಚಿದರು. ನೇರವಾಗಿ ಬಚ್ಚಲ ಒಲೆಯ ಹತ್ತಿರ ಹೋದರು, ಉರಿಯುವ ಒಲೆಗೆ ಹಾಕಲು ಕೈ ಎತ್ತಿದವರು ನಿಂತರು. "ಹೊಗೆ ಎದ್ರೆ ಹುಳಕ್ಕೆ ಆಗಲ್ಲ," ಎಂದು ತಮಗೇ ಹೇಳಿಕೊಂಡು, ಊರು ದಾಟಿ ಕೆರೆಯವರೆಗೆ ನಡೆದುಹೋಗಿ ಅದನ್ನು ನೀರಿಗೆ ಎಸೆದು ಬಂದರು. ಬಂದವರೇ ಬಚ್ಚಲಿನಲ್ಲಿ ಕೂತು ಕೈ ತಿಕ್ಕತೊಡಗಿದರು.

ನಾನು ಸೂತಕ ಗೀತಕ ಎಲ್ಲ ಮರೆತು ಒಳಗೆ ಹೋಗಿ, ಇದ್ದಷ್ಟು ಸೊಪ್ಪು ಹರಡುತ್ತಿದ್ದೆ. ಹೊಸಿಲಾಚೆ ನೆರಳು ಬಿತ್ತು. ತಲೆ ಎತ್ತಿದೆ. ಅತ್ತೆ ಎರಡೂ ಕೈ ಚಾಚಿಕೊಂಡು ನಿಂತಿದ್ದರು.

"ನೋಡೇ ಅಮ್ಮಾಯಿ," ಎಂದರು. ನನ್ನನ್ನು ಅವರು ಹಾಗೇ ಕರೆಯುತ್ತಿದ್ದುದು.

ಬಗ್ಗಿ ಮೂಸಿದೆ. ಮೇಲೆ ಸೀಗೆಕಾಯಿ. ಅದರ ಅಡಿಯಲ್ಲಿ, ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಅಷ್ಟೂ ವರ್ಷಗಳ ಹೊಗೆಸೊಪ್ಪು. ಮಗಳನ್ನು ಮಣ್ಣು ಮಾಡಿ ಒಂದು ದಿನವೂ ಆಗದ ತಾಯಿಗೆ ಏನು ಹೇಳುವುದು? ವಾಸನೆ ಇಲ್ಲ ಅಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಯಾರೇ ಬರಲಿ ಅಂದಿದ್ದಳಲ್ಲ ಅವಳು.

"ಇನ್ನೂ ಇದೆ ಅತ್ತೆ."

ವಾಪಸು ಬಚ್ಚಲಿಗೆ ಹೋದರು. ಬೂದಿ ಹಾಕಿ ತಿಕ್ಕಿದರು, ನಿಂಬೆಹಣ್ಣು ಹಾಕಿ ತಿಕ್ಕಿದರು, ಮತ್ತೆ ಬಂದರು. ಇನ್ನೂ ಇತ್ತು. ಮತ್ತೆ ಹೋದರು. ಬಚ್ಚಲಿನ ಕಲ್ಲಿಗೆ ಅಂಗೈ ಉಜ್ಜುವ ಸದ್ದು ನನಗೆ ಕೇಳಿಸುತ್ತಿತ್ತು. ಹುಣಸೆಹಣ್ಣು ಹಾಕಿ ತೊಳೆದು ಮತ್ತೆ ಬಂದಾಗ ಅಂಗೈ ಕೆಂಪಗೆ ಸುಲಿದಿತ್ತು, ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು. ಮೂಸಿದೆ. ಬೂದಿಯ ವಾಸನೆ, ಹುಣಸೆಯ ವಾಸನೆ, ಮತ್ತೇನಿಲ್ಲ.

"ಬನ್ನಿ ಅತ್ತೆ," ಎಂದೆ.

ಹೊಸಿಲು ದಾಟಿ ಒಳಗೆ ಬಂದರು. ಬುಜ್ಜಿ ಆ ಕೋಣೆ ಕೈಗೆ ತೆಗೆದುಕೊಂಡಮೇಲೆ ಹುಳ ಇದ್ದಾಗ ಅವರು ಒಳಗೆ ಬಂದದ್ದು ಅದೇ ಮೊದಲು. ಅವಳ ಚಾಪೆ, ಅವಳು ಸೊಪ್ಪು ಹೆಚ್ಚುತ್ತಿದ್ದ ಮಣೆ, ಗೋಡೆಯಲ್ಲಿ ಅವಳು ಒರಗಿ ಒರಗಿ ನುಣುಪಾದ ಜಾಗ, ಎಲ್ಲವನ್ನೂ ನೋಡಿದರು. ಆಮೇಲೆ ಅಳು ಬಂತು.

"ಈ ದರಿದ್ರದ್ದನ್ನ ಮೊದ್ಲೇ ಬಿಟ್ಟಿದ್ರೆ ಅವಳ ಮೈ ಮುಟ್ತಿದ್ದೆ ಕಣೇ ಅಮ್ಮಾಯಿ. ದಿನಾ ತಲೆ ಬಾಚ್ತಿದ್ದೆ. ಒಂದ್ಸಲ ಮುಟ್ಟಿದ್ರೆ ಗೊತ್ತಾಗ್ತಿತ್ತಲ್ಲೇ. ಒಂದೇ ಒಂದ್ಸಲ."

ಅವರ ಕೈಗೆ ಸೊಪ್ಪಿನ ಕುಕ್ಕೆ ಕೊಟ್ಟೆ.

ಆ ಮೇಲಿನ ದಿನಗಳು ಹೇಗೆ ಕಳೆದವೋ. ಹೊಗೆಸೊಪ್ಪು ಬಿಟ್ಟದ್ದಕ್ಕೆ ಅತ್ತೆಗೆ ತಲೆ ಸಿಡಿಯುತ್ತಿತ್ತು, ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲೇ ಸೊಪ್ಪು ಹರಡುತ್ತಿದ್ದರು. ಯಾವ ತಟ್ಟೆ ಯಾವಾಗ ಬದಲಾಯಿಸಬೇಕೆಂದು ನಾನು ಹೇಳಿಕೊಡಬೇಕಾಗಿತ್ತು. ಬುಜ್ಜಿ ನನಗೆ ಕಲಿಸಿದ್ದನ್ನು ನಾನು ಅವಳ ತಾಯಿಗೆ ಕಲಿಸುತ್ತಿದ್ದೆ. ಊರಿನ ಎಲ್ಲರ ಮನೆಯಲ್ಲೂ ಹುಳ ಇತ್ತು, ಸೂತಕದ ಮನೆಗೆ ಯಾರು ಕಾಲಿಡುತ್ತಾರೆ? ತೋಟದಲ್ಲಿ ಸೊಪ್ಪು ಮುಗಿಯುತ್ತಾ ಬಂದು, ಇನ್ನೇನು ಮಾಡುವುದಪ್ಪಾ ಎಂದು ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಮಾರನೇ ಬೆಳಿಗ್ಗೆ ತೋಟಕ್ಕೆ ಹೋದರೆ ಬದುವಿನ ಮೇಲೆ ಕೊಯ್ದ ಸೊಪ್ಪಿನ ಹೊರೆಗಳು ಸಾಲಾಗಿದ್ದವು. ಯಾರೋ ದೂರದಿಂದ, "ತಗೊಂಡ್ ಹೋಗ್ರಪ್ಪಾ, ಬಾಡೋಗ್ತದೆ," ಎಂದು ಕೂಗಿ ಹೋದರು. ಹುಳ ಹಣ್ಣಾಗುವವರೆಗೆ ಹೊರೆ ಬರುವುದು ನಿಲ್ಲಲಿಲ್ಲ. ಯಾರ ಯಾರ ತೋಟದ್ದೆಂದು ಕೇಳಿದರೆ ಇವತ್ತಿಗೂ ಯಾರೂ ಬಾಯಿ ಬಿಡುವುದಿಲ್ಲ.

ಹೊಂಗೆ ಮರದ ಕೆಳಗೆ ಹಾಲುತುಪ್ಪ ಬಿಟ್ಟು ಬಂದ ದಿನ ಹುಳ ಹಣ್ಣಾಗತೊಡಗಿದವು. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗಿನದು ಕಾಣುವ ಹಾಗೆ ತಿಳಿಯಾಗಿ, ಮೇವು ಬಿಟ್ಟು ಜಾಗ ಹುಡುಕುತ್ತವೆ. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುತ್ತು ಸುತ್ತಾಗಿ ಪಟ್ಟಿ ಕಟ್ಟಿರುತ್ತಾರೆ, ಆ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ. ಬೇರೆ ದಿನಗಳಲ್ಲಾದರೆ ನೆರೆಹೊರೆಯ ಹೆಂಗಸರೆಲ್ಲ ಬಂದು ಹರಟುತ್ತಾ ಮುಗಿಸಿಕೊಡುವ ಕೆಲಸ. ಆವತ್ತು ನಾನು, ಯಜಮಾನರು, ಅತ್ತೆ, ಮೂವರೇ. ಮಾವ ಬಾಗಿಲಾಚೆ ಕೂತು ಚಂದ್ರಿಕೆ ಕೊಡುತ್ತಿದ್ದರು. ಅತ್ತೆ ಸುಲಿದ ಬೆರಳಿನಲ್ಲಿ ಹುಳವನ್ನು ಎತ್ತುತ್ತಿದ್ದುದನ್ನು ನೋಡಬೇಕಿತ್ತು. ಹಸುಗೂಸನ್ನು ತೊಟ್ಟಿಲಿಗೆ ಇಳಿಸುವವರು ಹಾಗೆ ಎತ್ತುತ್ತಾರೆ.

ಒಂದಷ್ಟು ಹುಳ ರೋಗ ಬಂದು ಮೈ ಹಾಲುಗಟ್ಟಿ ಸತ್ತವು. ಉಳಿದವು ಗೂಡು ಕಟ್ಟಿದವು. ಕೆಲವು ದಿನ ಬಿಟ್ಟು ನೋಡಿದರೆ ಚಂದ್ರಿಕೆಯ ತುಂಬ ಹಳದಿ. ಬುಜ್ಜಿ ಇದ್ದಿದ್ದರೆ ಒಂದು ಗೂಡು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, ನೋಡು ವದಿನಾ ಹೆಂಗೆ ಬಂದೈತೆ ಎನ್ನುತ್ತಿದ್ದಳು. ಗೂಡು ಬಿಡಿಸಿದ ದಿನ ಅತ್ತೆ ಹರಳೆಣ್ಣೆ ಕಾಯಿಸಿಕೊಂಡು, ಬಟ್ಟಲು ಹಿಡಿದು ಜಗುಲಿಗೆ ಬಂದು ಕೂತರು. ಸ್ವಲ್ಪ ಹೊತ್ತು ಕೂತಿದ್ದು, ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಹನ್ನೊಂದನೇ ದಿನ ಹೊಂಗೆ ಮರದ ಕೆಳಗೆ ಅವಳಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಡೆ ಇಟ್ಟೆವು. ಅತ್ತೆ ಸೆರಗಿನಿಂದ ಒಂದು ಹಿಡಿ ಗೂಡು ಬಿಚ್ಚಿ ಎಲೆಯ ತುದಿಯಲ್ಲಿಟ್ಟರು. ಪೂಜೆ ಮಾಡಿಸುವವರು ಇದೇನೆಂದು ಕೇಳಿದ್ದಕ್ಕೆ, "ಅವಳದೇ," ಎಂದರು.

ಅತ್ತೆ ಮತ್ತೆ ಹೊಗೆಸೊಪ್ಪು ಮುಟ್ಟಲಿಲ್ಲ. ಹಲವು ವರ್ಷ ಆ ಹುಳದ ಮನೆಯನ್ನು ಅವರೇ ನಡೆಸಿದರು. ಪ್ರತಿ ಸಲ ಒಳಗೆ ಹೋಗುವ ಮುಂಚೆ ಹೊಸಿಲಿನಲ್ಲಿ ನಿಂತು ತಮ್ಮ ಕೈಯನ್ನು ತಾವೇ ಮೂಸಿ ನೋಡಿಕೊಳ್ಳುತ್ತಿದ್ದರು. ನನಗೆ ಎರಡು ಮಕ್ಕಳಾದವು. ಅವಕ್ಕೆ ಸ್ವಲ್ಪ ಮೈ ಬಿಸಿಯಾದರೂ ಸಾಕು, ಅಜ್ಜಿ ಊಟ ಬಿಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂತು, ಸೊಪ್ಪಿನ ತೋಟ ಕಿತ್ತು ಟೊಮೆಟೊ ಹಾಕಿದೆವು. ಟೊಮೆಟೊಗೆ ಔಷಧಿ ಹೊಡೆಯುವ ಕಡೆ ಹುಳ ಬದುಕುವುದಿಲ್ಲ. ಹುಳದ ಮನೆಗೆ ಸಿಮೆಂಟು ಹಾಕಿಸಿ, ಮಂಚ ಇಟ್ಟು, ನಾವು ಮಲಗುವ ಕೋಣೆ ಮಾಡಿಕೊಂಡೆವು. ಹೊಂಗೆ ಮರವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ನೆನಪೂ ಅಲ್ಲಿ ಇಲ್ಲಿ ಅಲೆಯತೊಡಗಿತು. ಸತ್ತವರನ್ನು ಊಟಕ್ಕೆ ಕರೆಯುತ್ತಿದ್ದರು, ಎದುರಿಗಿದ್ದವರನ್ನು ಯಾರೆಂದು ಕೇಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಹುಳದ ಮನೆಯಾಗಿದ್ದ ಆ ಕೋಣೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದೆ. ಗೋಡೆ ಹಿಡಿದುಕೊಂಡು ಬಂದು ಹೊಸಿಲಾಚೆ ನಿಂತರು. ಬಲಗೈಯಿಂದ ಎಡಗೈಯನ್ನು ಎತ್ತಿ, ಎರಡನ್ನೂ ಸೇರಿಸಿ ಮುಂದಕ್ಕೆ ಚಾಚಿದರು.

"ಬುಜ್ಜೀ, ಮೂಸಮ್ಮ," ಎಂದರು. "ಬಿಟ್ಬಿಟ್ಟೆ ಕಣೇ ನಾನು."

ಎದ್ದು ಹೋದೆ. ಆ ಎರಡು ಕೈಗಳನ್ನು ಹಿಡಿದು ಬಗ್ಗಿ ಮೂಸಿದೆ. ಸೋಪಿನ ವಾಸನೆ, ಮುಪ್ಪಿನ ವಾಸನೆ. ನಾನು ಅತ್ತೆಯನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸಿದವಳಲ್ಲ.

"ಏನೂ ಇಲ್ಲ ಕಣಮ್ಮ. ಬಾಗಿಲು ತೆಗೆದೇ ಐತೆ. ಒಳಕ್ಕೆ ಬಾ."

ನನ್ನ ತೋಳು ಹಿಡಿದು ಹೊಸಿಲು ದಾಟಿದರು. ಮಂಚದ ಮೇಲೆ ಕೂರಿಸಲು ಹೋದರೆ ಕೂರಲಿಲ್ಲ. ಬಲಗೈ ಎತ್ತಿ ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಗಂಟಲ ಕೆಳಗೆ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಜ್ವರ ಇಲ್ಲ," ಎಂದರು. "ಮೈ ತಣ್ಣಗೈತೆ."